ಯೂನಿಫಾರ್ಮ್, ಕಿಲೋ, ಯೂನಿಫಾರ್ಮ್

ಶಾಲೆಯ ಬಾಗಿಲು ಊರಿಗೆಲ್ಲ ತೆರೆದ ದಿನ
ನನಗೆ ಸಿಕ್ಕಿದ್ದು ಉದ್ದನೆಯ ಕಾರಿಡಾರಿನ ಕೊನೆ.
ಬಲಕ್ಕೆ ಪ್ಯಾನ್‌ಕೇಕ್ ಮೇಜು, ಎಡಕ್ಕೆ
ಪ್ಲಾಸ್ಟಿಕ್ ಡೈನೋಸಾರ್ ಈಯುತ್ತಿದ್ದ ಯಂತ್ರ.
ನಡುವೆ ನಾನು, ಲೈಡಾ, ಎಪ್ಪತ್ತೊಂದು,
ಹೆರಿಂಗ್ ಹಡಗುಗಳಲ್ಲಿ ಇಪ್ಪತ್ತು ವರ್ಷ
ಕಿವಿಯಾಗಿ ದುಡಿದವಳು.
ಸಾರೆಮಾ ದ್ವೀಪದ ಏಪ್ರಿಲ್ ಬಿಸಿಲು
ಬೆಳಕಿಗಷ್ಟೇ, ಕಾಯಿಸುವುದಕ್ಕಲ್ಲ.

ಬೆಳಿಗ್ಗೆ ಆರಕ್ಕೇ ಬಂದು
ಮೀನಿನ ದಾರಕ್ಕೆ ಸೀಸದ ಗುಂಡು ಕಟ್ಟಿ
ಪೈನ್ ಮರದ ನೆತ್ತಿಗೆ ಎಸೆದಿದ್ದೆ.
ಮೂರನೆಯ ಸಲಕ್ಕೆ ದಾಟಿತು. (ಮೊದಲನೆಯದು
ಸಂಗೀತದ ಮೇಷ್ಟರ ಕಾರಿನ ಮೇಲೆ. ಅವರಿಗೆ ಹೇಳಿಲ್ಲ.)
ದಾರದ ಬೆನ್ನು ಹಿಡಿದು ತಾಮ್ರದ ತಂತಿ ಏರಿತು.
ಬಟ್ಟೆ ಒಣಹಾಕಲು ಎತ್ತರವಾಯಿತು,
ಜಗತ್ತಿಗೆ ಸಾಕು.

ಮಕ್ಕಳು ಬಂದರು, ನೋಡಿದರು, ಹೋದರು.
"ಫೋನ್ ಇದೆಯಲ್ಲ?" ಅಂದಳೊಬ್ಬಳು,
ಕುಹಕವಲ್ಲ, ಕನಿಕರ.
ಉತ್ತರ ತಯಾರಿತ್ತು, ಅಚ್ಚು ಮಾಡಿಸಿದ ಕಾಗದದಲ್ಲಿ:
ಬಿರುಗಾಳಿ, ಕತ್ತಲು, ಮುರಿದುಬಿದ್ದ ಟವರು.
ಓದಿ ಹೇಳಲಿಲ್ಲ.
ನಿಜವೆಂದರೆ, ಯಾರು ಸಿಗುತ್ತಾರೋ ಗೊತ್ತಿಲ್ಲದೆ
ಕರೆಯುವುದು ನನಗೆ ಇಷ್ಟ. ಅಷ್ಟೇ.
ಅದನ್ನು ಮೇಜಿನ ಮೇಲೆ ಹೇಗೆ ಜೋಡಿಸಿಡುವುದು?

ಒಬ್ಬ ಮಾತ್ರ ನಿಂತ. ಹತ್ತು ವರ್ಷವಿರಬಹುದು,
ತುಟಿಗೆ ಜಾಮು, ಒಂದು ಲೇಸು ಬಿಚ್ಚಿತ್ತು.
ಗದ್ದಲಕ್ಕೆ ನಾಚಿ ನಾನು ಗುಂಡಿ ತಿರುಗಿಸಹೋದರೆ
"ಬೇಡ, ಇರಲಿ," ಅಂದ. "ಏನದು?"
ಏನೂ ಅಲ್ಲ ಮಗು, ಬರೀ ಕೊರಕಲು.
ಸೂರ್ಯನದೊಂದಿಷ್ಟು, ಎಲ್ಲೋ ದೂರದ ಸಿಡಿಲಿನದೊಂದಿಷ್ಟು,
ಈ ಡೈನೋಸಾರ್ ಯಂತ್ರದ್ದೂ ಒಂದು ಪಾಲು.
ಅವನು ಕಿವಿಗೊಟ್ಟ. ಪಕ್ಕದ ಬಾಣಲೆಯತ್ತ ನೋಡಿ
"ಪ್ಯಾನ್‌ಕೇಕ್ ಥರಾನೇ," ಅಂದ, "ಹಿಟ್ಟು ಬಿದ್ದಾಗ."
ಐವತ್ತು ವರ್ಷ ಕೇಳಿದ್ದೇನೆ ಆ ಸದ್ದನ್ನು.
ಹಸಿವಾದದ್ದು ಇದೇ ಮೊದಲು.

ಹೆಸರು ಉಕು. ಬಿಡಿಸಿ ಹೇಳಬೇಕಪ್ಪ,
ಗಾಳಿ ಅಕ್ಷರ ನುಂಗುತ್ತದೆ,
ಒಂದೊಂದಕ್ಕೂ ಇಡೀ ಪದವೊಂದು ಕಾವಲು:
ಯೂನಿಫಾರ್ಮ್, ಕಿಲೋ, ಯೂನಿಫಾರ್ಮ್.
ನಕ್ಕ. "ಎರಡು ಯೂನಿಫಾರ್ಮ್ ನಡುವೆ ಕಿಲೋ ಏನು?"
ಸಕ್ಕರೆ, ಅಂದೆ. ಉಪ್ಪು, ಅಂದ ಅವನು.
ತಿರುಗಿಸಿ ಓದಿದರೂ ನಾನೇ ಎಂದು
ಬೆರಳೆಣಿಸಿ ತೋರಿಸಿದ.

ಪರವಾನಗಿ ನನ್ನದು, ದನಿ ನಿನ್ನದು. ಒತ್ತು.
ಒತ್ತಿದ. ಮಾತು ಬರಲಿಲ್ಲ.
ಅವನ ಉಸಿರು ಮಾತ್ರ ನೂರು ವಾಟಿನಲ್ಲಿ
ಬಾಲ್ಟಿಕ್ ದಾಟಿ ಹೋಯಿತು.
ಆಮೇಲೆ ಸಿ ಕ್ಯೂ, ಸಿ ಕ್ಯೂ, ಒಂದೇ ಗುಕ್ಕಿಗೆ,
ಬಸ್ಸು ತಪ್ಪಿಹೋಗುತ್ತಿರುವವನ ಹಾಗೆ.

ಬ್ರೆಜಿಲ್ ಸಿಗಲಿ ಅಂದುಕೊಂಡೆ, ದೇವರಾಣೆಗೂ.
ಹೋಗಲಿ, ಜಪಾನಾದರೂ.
ಬಂದವನು ವಾಂಬೋಲ.
ಎದುರಿನ ಹೀಯುಮಾ ದ್ವೀಪ, ದೋಣಿಗೆ ಒಂದು ಗಂಟೆಯ ದಾರಿ.
ನನ್ನ ಟ್ಯೂನರ್ ಒಯ್ದು, ಕೊಡದೆ,
ನಾಲ್ಕು ವರ್ಷ ಮಾತು ಬಿಟ್ಟವನು.

ಉಕುಗೆ ಅದೇನು ಗೊತ್ತು?
"ನಿಮ್ಮ ಕಿಟಕೀಲಿ ಏನು ಕಾಣುತ್ತೆ?" ಕೇಳಿಯೇಬಿಟ್ಟ.
ಒಂದಷ್ಟು ಹೊತ್ತು ಬರೀ ಹಿಟ್ಟು ಸಿಡಿಯಿತು.
"ನೀರು," ಅಂದಿತು ದನಿ. "ಎರಡು ಹಂಸ.
ಮೋಡ ಇಲ್ಲದಿದ್ದರೆ, ನೀರಿನಾಚೆ, ನೀನು."
ಮತ್ತೆ, ಗಂಟಲು ಕೆರೆದು,
"ಪಕ್ಕದಲ್ಲಿರೋ ಹೆಂಗಸಿಗೆ ಹೇಳು,
ಅವಳ ಮೀಟರು ಶುಕ್ರವಾರದ ದೋಣಿಗೆ ಹಾಕ್ತೀನಿ."
ಮೀಟರಲ್ಲ, ಟ್ಯೂನರು. ತಿದ್ದಲಿಲ್ಲ.
ಮೈಕು ಹುಡುಗನ ಕೈಯಲ್ಲಿತ್ತು.

ದಾಖಲೆ ಪುಸ್ತಕದಲ್ಲಿ ಅವನೇ ಬರೆದ, ಪೆನ್ಸಿಲ್ಲಿನಲ್ಲಿ:
ಗಂಟೆ, ಆವರ್ತನ, ಐವತ್ತೊಂಬತ್ತು.
ಷರಾ: ಹಂಸ ಎರಡು.

ನಾಲ್ಕಕ್ಕೆಲ್ಲ ಬಿಚ್ಚಬೇಕೆಂದರು ಮುಖ್ಯೋಪಾಧ್ಯಾಯಿನಿ.
ತಂತಿ ಸುತ್ತಿದೆ, ದಾರ ಸುತ್ತಿದೆ.
ತುದಿಯ ಗಂಟು ಯಾರೋ ಬಿಚ್ಚಿದ್ದರು,
ಸೀಸದ ಗುಂಡು ಇರಲಿಲ್ಲ.
ಗೇಟಿನಾಚೆ ಉಕು, ಒಂದು ಕಡೆಯ ಜೇಬು ಜೋತು,
ಬೀದಿಯ ಮರಗಳ ಎತ್ತರ ಅಳೆಯುತ್ತ
ನಿಧಾನ ನಡೆಯುತ್ತಿದ್ದ.

ಕರೆಯಲಿಲ್ಲ ನಾನು.